‘ಸಮುದಾಯ ರೇಡಿಯೋ’: ಇಲ್ಲಿ ಸಮುದಾಯ ಅಂದರೆ ಯಾರು?

ಎಲ್ಲರಿಗೂ ನಮಸ್ಕಾರ.

ಸಮುದಾಯ ರೇಡಿಯೋ ಅಂದರೆ ಸುತ್ತಲಿನ ಜನರಿಗಾಗಿ, ಅವರ ಪಾಲ್ಗೊಳ್ಳುವಿಕೆಯಿಂದಲೇ ನಡೆಯುವ ಸಣ್ಣ ರೇಡಿಯೋ ನಿಲಯ. ಅಂಥದೊಂದರ ಮಾತುಕತೆ ಕಾರ್ಯಕ್ರಮಕ್ಕೆ ನಾನು ಬರೆದುಕೊಡುತ್ತೇನೆ. ತಮಟೆ ಬಡಿಯುವವರು, ಬೀದಿನಾಟಕದವರು, ಬಾಕಿ ಕೂಲಿಗಾಗಿ ಹೋರಾಡುವ ಹೆಂಗಸರು ಬಂದು ಮಾತಾಡುತ್ತಾರೆ. ಕಲೆಯ ಮಾತು ಯಾವಾಗ ನ್ಯಾಯದ ಮಾತಾಯಿತು ಅಂತ ಗೊತ್ತೇ ಆಗುವುದಿಲ್ಲ, ಹಾಗೆ ಬೆರೆತಿರುತ್ತದೆ. ಪ್ರತಿ ಕಂತಿನ ಮೊದಲಿಗೆ ‘ಇದು ನಿಮ್ಮ ಸಮುದಾಯದ ರೇಡಿಯೋ’ ಎಂಬ ಸಾಲು ಬರುತ್ತದೆ. ಈಚೆಗೆ ಕೇಳುಗರೊಬ್ಬರು ಫೋನ್ ಮಾಡಿ, ‘ಯಾವ ಸಮುದಾಯದವರು ನಡೆಸೋದು ಇದನ್ನ?’ ಎಂದು ಕೇಳಿದರು. ಕೊಂಕಿನ ಪ್ರಶ್ನೆಯಲ್ಲ ಅದು. ಆ ಪದ ಅವರಿಗೆ ಕೇಳಿಸಿದ್ದೇ ಹಾಗೆ.

ಸಂಸ್ಕೃತದಲ್ಲಿ ಸಮುದಾಯ ಎಂದರೆ ಗುಂಪು, ಒಟ್ಟು, ರಾಶಿ. ಜಾತಿಯ ಸೋಂಕು ಅದರಲ್ಲಿಲ್ಲ. 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಂಗತಂಡ ಈ ಪದವನ್ನೇ ತನ್ನ ಹೆಸರಾಗಿಟ್ಟುಕೊಂಡು ಬೀದಿಗಿಳಿದಾಗ ಅದರ ಅರ್ಥ ಜನರ ದೊಡ್ಡ ಗುಂಪು ಎಂದೇ ಇತ್ತು. ಈಗ ಪತ್ರಿಕೆ ತೆರೆದರೆ ‘ಸಮುದಾಯದ ಮುಖಂಡರು’, ‘ನಮ್ಮ ಸಮುದಾಯಕ್ಕೆ ಟಿಕೆಟ್ ಕೊಡಲಿಲ್ಲ’. ಜಾತಿ ಎನ್ನಲು ನಾಲಿಗೆ ಹಿಂಜರಿಯುವ ಕಡೆಯಲ್ಲೆಲ್ಲ ಸಮುದಾಯ ಬಂದು ಕೂತಿದೆ. ಕೋಮು ಎಂಬ ಪದಕ್ಕೂ ಹೀಗೇ ಆಗಿತ್ತು. ಜನ, ಜನಾಂಗ ಎನ್ನುವ ಅರ್ಥದ ಅರಬ್ಬಿ ಮಾತು ಕನ್ನಡಕ್ಕೆ ಬಂದು, ಕೋಮುಗಲಭೆ, ಕೋಮುವಾದಗಳ ಜೊತೆ ಸೇರಿ, ಬೇರೆ ಯಾವ ಕೆಲಸಕ್ಕೂ ಒದಗದಂತಾಯಿತು. ಸಮುದಾಯವೂ ಆ ದಾರಿ ಹಿಡಿಯುವುದು ನನಗೆ ಬೇಡ.

ವಿಭಕ್ತಿಯಲ್ಲೂ ವ್ಯತ್ಯಾಸವಿದೆ ಅನಿಸುತ್ತದೆ. ‘ಸಮುದಾಯ ರೇಡಿಯೋ’ ಎಂದಾಗ ಅದೊಂದು ಬಗೆಯ ರೇಡಿಯೋ ಎಂದಷ್ಟೇ ಕಿವಿಗೆ ಬೀಳುತ್ತದೆ. ‘ಸಮುದಾಯದ ರೇಡಿಯೋ’ ಎಂದು ‘ದ’ ಸೇರಿಸಿದೊಡನೆ ಒಡೆತನ ಬರುತ್ತದೆ, ಬೆನ್ನಿಗೇ ‘ಯಾವ’ ಎಂಬ ಪ್ರಶ್ನೆಯೂ ಬರುತ್ತದೆ.

ಈ ರೇಡಿಯೋಗಳ ಹಿನ್ನೆಲೆ ನೋಡಿದರೆ ಉದ್ದೇಶಿತ ಅರ್ಥ ಸ್ಪಷ್ಟವಾಗಿದೆ. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2002ರಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ನಿಲಯ ನಡೆಸುವ ಅವಕಾಶ ಸಿಕ್ಕಿತು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದಲೇ ತಯಾರಾಗಬೇಕು ಎಂಬ ನಿಯಮವೂ ಇದೆ. ಅಂದರೆ ಇಲ್ಲಿ ಸಮುದಾಯದ ಎಲ್ಲೆ ಹುಟ್ಟಿನದಲ್ಲ. ಆ ಸಣ್ಣ ಪ್ರಸಾರ ಕಂಬದಿಂದ ದನಿ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗಿನ ಎಲ್ಲರೂ ಅದರೊಳಗೆ.

ಹಾಗಾದರೆ ಬದಲಿ ಪದ ಯಾವುದು? ‘ಸಾರ್ವಜನಿಕ’ ಎಂದರೆ ಕಚೇರಿಯ ಬೋರ್ಡಿನಂತೆ ಕಾಣುತ್ತದೆ, ಬೇಡ. ‘ಜನ ರೇಡಿಯೋ’ ಪರವಾಗಿಲ್ಲ, ಆದರೆ ನೆರೆಹೊರೆ ಎಂಬ ಭಾವ ಅದರಲ್ಲಿಲ್ಲ. ಊರಿನ ಎಲ್ಲರೂ ಎಂಬ ಅರ್ಥದ ‘ಹತ್ತು ಸಮಸ್ತರು’ ಎಂಬ ನಮ್ಮ ಸೊಗಸಾದ ಮಾತು ನೆನಪಾಯಿತು. ಜಾತ್ರೆಯ ಕರೆಯೋಲೆಗಳಲ್ಲಿ ಅದನ್ನು ಓದಿದಾಗೆಲ್ಲ ಖುಷಿಪಟ್ಟವನು ನಾನು. ಆದರೆ ಆ ಸಮಸ್ತರು ಎಂದೊಡನೆ ಕಣ್ಣಿಗೆ ಬರುವವರು ಕಟ್ಟೆಯ ಮೇಲೆ ಕೂತ ಹಿರಿಯರೇ. ಆ ಕಟ್ಟೆ ಹತ್ತಲು ಯಾರನ್ನು ಬಿಡಲಿಲ್ಲವೋ ಅವರ ಮಾತಿಗಾಗಿಯೇ ನಮ್ಮ ಕಾರ್ಯಕ್ರಮ ಇರುವುದು.

‘ಊರ ರೇಡಿಯೋ’ ಎಂಬ ಸಲಹೆ ನಮ್ಮ ತಂಡದಲ್ಲೇ ಬಂತು. ಕೇಳಲು ಎಷ್ಟು ಸಹಜ! ಕೂಡಲೇ ತಮಟೆಯ ಹಿರಿಯ ಕಲಾವಿದರೊಬ್ಬರು, ‘ಊರು ಅಂದ್ರೆ ಅಲ್ಲಿ ನಾವಿಲ್ಲ, ನಮ್ಮದು ಕೇರಿ’ ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಊರೊಳಗೆ ಹಬ್ಬವಾದರೆ ಕೇರಿಯಿಂದ ತಮಟೆ ಬರಬೇಕು, ತಮಟೆಯವನು ಮಾತ್ರ ಹೊರಗೇ ನಿಲ್ಲಬೇಕು. ಎಲ್ಲರನ್ನೂ ಒಳಗೊಳ್ಳುತ್ತದೆ ಎಂದುಕೊಂಡ ಪದದಲ್ಲೇ ಗೋಡೆಯಿದೆ. ಅದರ ಬಳಿಕ ನನ್ನ ಮನಸ್ಸು ‘ಊರುಕೇರಿ’ ಎಂಬ ಜೋಡುಪದದ ಕಡೆ ವಾಲಿದೆ. ‘ಇದು ಊರುಕೇರಿಯ ರೇಡಿಯೋ’ ಎಂದಾಗ ಎರಡರ ಹೆಸರೂ ಹೇಳಿದಂತಾಗುತ್ತದೆ, ಇರುವ ಗೋಡೆಯನ್ನು ಮುಚ್ಚಿಟ್ಟಂತೆಯೂ ಆಗುವುದಿಲ್ಲ. ಅಡ್ಡಿಯೊಂದಿದೆ: ಕರಾವಳಿಯ ಕಡೆ ಯಾರ ಬೀದಿಗಾದರೂ ಕೇರಿ ಎನ್ನುತ್ತಾರೆ, ಅವರಿಗೆ ಈ ಒತ್ತು ತಟ್ಟಲಾರದು.

ನೆರೆಯ ತೆಲಂಗಾಣದಲ್ಲಿ ದಲಿತ ಮಹಿಳೆಯರು 2008ರಿಂದ ನಡೆಸುತ್ತಿರುವ ನಿಲಯಕ್ಕೆ ‘ಸಂಘಂ ರೇಡಿಯೋ’ ಎಂದು ಹೆಸರು. ಹಳ್ಳಿಹಳ್ಳಿಯಲ್ಲಿ ಅವರು ಕಟ್ಟಿಕೊಂಡ ಸಂಘಗಳೇ ಆ ಹೆಸರಿಗೆ ಆಧಾರ. ನಡೆಸುವವರ ಬಾಯಲ್ಲಿ ಆಗಲೇ ಇದ್ದ ಪದವನ್ನು ಎತ್ತಿಕೊಂಡದ್ದು ನನಗೆ ಬಹಳ ಹಿಡಿಸಿತು.



ನನ್ನ ಪ್ರಶ್ನೆಗಳು ಇಷ್ಟು. ನಿಮ್ಮ ಕಡೆ ದಿನದ ಮಾತಿನಲ್ಲಿ ಸಮುದಾಯ ಎಂದರೆ ಜಾತಿ ಎಂದಷ್ಟೇ ಅರ್ಥವೇ, ಬೇರೆ ಅರ್ಥ ಇನ್ನೂ ಉಳಿದಿದೆಯೇ? ‘ಊರುಕೇರಿ’ಯನ್ನು ಕೇರಿಯಲ್ಲಿ ಬೆಳೆದವರು ಹೇಗೆ ಕೇಳಿಸಿಕೊಳ್ಳುತ್ತಾರೆ? ಈ ಎರಡನೆಯದಕ್ಕೆ ಅಲ್ಲಿಂದ ಬಂದವರೇ ಉತ್ತರಿಸಿದರೆ ಅದನ್ನೇ ಒಪ್ಪಿಕೊಂಡು ಮುಂದಿನ ಕಂತಿನ ಮೊದಲ ಸಾಲು ಬರೆಯುತ್ತೇನೆ. ಬಯಲುಸೀಮೆಯಲ್ಲಾಗಲಿ ಮಲೆನಾಡಿನಲ್ಲಾಗಲಿ ಒಳಗೆ–ಹೊರಗೆ ಎಂಬ ಗೆರೆಯಿಲ್ಲದೆ ಒಟ್ಟಿಗೆ ಬದುಕುವ ಜನರನ್ನು ಕರೆಯುವ ಪದವಿದ್ದರೆ, ಯಾರು ಯಾವ ಸಂದರ್ಭದಲ್ಲಿ ಬಳಸುತ್ತಾರೆ ಎಂಬುದರ ಸಮೇತ ತಿಳಿಸಿ.