ಎರಡೂ ಪಕ್ಷ ಬೇಡ ಅನಿಸಿದರೆ ಅಮೆರಿಕಾದಲ್ಲಿ ವೋಟ್ ಯಾರಿಗೆ ಹಾಕಬೇಕು?

ಹಾಸನ_ಫಿಲಿ

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಪೆನ್ಸಿಲ್ವೇನಿಯಾದಲ್ಲಿ ಫಿಲಡೆಲ್ಫಿಯಾ ಹತ್ತಿರ ಇದ್ದೇನೆ. 2020ರಲ್ಲಿ ಸಿಟಿಜನ್‌ಶಿಪ್ ಸಿಕ್ಕಿತು. ವೋಟರ್ ಫಾರ್ಮ್ ತುಂಬುವಾಗ ನಿಮ್ಮ ಪಕ್ಷ ಯಾವುದು ಅಂತ ಒಂದು ಕಾಲಂ ಇತ್ತು. ನಮ್ಮ ಮನೆಯಲ್ಲಿ ಅಪ್ಪ ಯಾರಿಗೆ ಹಾಕುತ್ತಾರೆ ಅಂತ ಅಮ್ಮನಿಗೇ ಗೊತ್ತಿರಲಿಲ್ಲ, ಇಲ್ಲಿ ನೋಡಿದರೆ ಸರ್ಕಾರಕ್ಕೇ ಬರೆದು ಕೊಡಬೇಕು. ಯಾವ ಪಕ್ಷವೂ ಇಲ್ಲ ಅಂತ ಗುರುತು ಹಾಕಿದೆ.

2021ರ ಮೇ ತಿಂಗಳಲ್ಲಿ ಪ್ರೈಮರಿ ಬಂತು, ಅಂದರೆ ಪಕ್ಷಗಳ ಅಭ್ಯರ್ಥಿ ಯಾರು ಅಂತ ಆರಿಸುವ ಮೊದಲ ಸುತ್ತಿನ ಚುನಾವಣೆ. ಕೆಲಸಕ್ಕೆ ಹೋಗುವ ಮುಂಚೆ ಬೂತ್‌ಗೆ ಹೋದೆ. ಮೇಜಿನ ಹಿಂದೆ ಕೂತಿದ್ದ ವಯಸ್ಸಾದ ಹೆಂಗಸು ಪುಸ್ತಕದಲ್ಲಿ ನನ್ನ ಹೆಸರು ಹುಡುಕಿ, ಅದರ ಮುಂದೆ ಬೆರಳಿಟ್ಟು, "ನಿಮಗೆ ಬರೀ ಪ್ರಶ್ನೆಗಳ ಬ್ಯಾಲೆಟ್" ಅಂದರು. ರಾಜ್ಯದ ಸಂವಿಧಾನ ತಿದ್ದುಪಡಿ, ಅಗ್ನಿಶಾಮಕ ದಳಕ್ಕೆ ಸಾಲ, ಹೀಗೆ ನಾಲ್ಕು ಪ್ರಶ್ನೆ. ಪಕ್ಷ ಬರೆಸದವರಿಗೆ ಅಭ್ಯರ್ಥಿಯ ಹೆಸರು ಒಂದೂ ಇಲ್ಲ. ಮಗಳ ಶಾಲೆಯ ಸ್ಕೂಲ್ ಬೋರ್ಡ್‌ಗೂ ಆವತ್ತೇ ವೋಟಿಂಗ್ ಇತ್ತು, ಅದಕ್ಕೂ ನನಗೆ ಹಕ್ಕಿಲ್ಲ. ಆ ಹಾಳೆ ಹಿಡಿದುಕೊಂಡು ನಿಂತಾಗ ಆದ ಬೇಜಾರು ಇವತ್ತಿಗೂ ಹೋಗಿಲ್ಲ.

ನನ್ನೊಬ್ಬನ ಕಥೆ ಅಲ್ಲ ಇದು. ಗ್ಯಾಲಪ್ ಅನ್ನುವ ಸಮೀಕ್ಷೆ ಸಂಸ್ಥೆಯವರ 2024ರ ಲೆಕ್ಕದಲ್ಲಿ 43% ಜನ ತಾವು ಇಂಡಿಪೆಂಡೆಂಟ್ ಅಂದಿದ್ದಾರೆ, ಡೆಮಾಕ್ರಟ್ ಅಂದವರು 28%, ರಿಪಬ್ಲಿಕನ್ ಅಂದವರೂ 28%. ಅಷ್ಟು ಜನ ಬೇಡ ಅಂದರೂ ಕೊನೆಗೆ ಬರುವುದು ಇವರಿಬ್ಬರೇ. ಮೂರನೆಯವರಿಗೆ ಹಾಕಿದರೆ ವೋಟ್ ವೇಸ್ಟ್ ಅನ್ನುತ್ತಾರೆ. ನೀವೆಲ್ಲ ಏನು ಮಾಡುತ್ತೀರಿ?

ಎಡಿಸನ್_ಅಕ್ಕ

ನಿಮ್ಮ ಬೇಜಾರು ಅರ್ಥ ಆಗುತ್ತದೆ ಕಣಪ್ಪ. ನಾನು ನ್ಯೂಜರ್ಸಿಗೆ ಬಂದಿದ್ದು 1991ರಲ್ಲಿ. ಮರುವರ್ಷವೇ ರಾಸ್ ಪೆರೋ ಅನ್ನುವ ಉದ್ಯಮಿ ಎರಡೂ ಪಕ್ಷ ಬಿಟ್ಟು ಪ್ರೆಸಿಡೆಂಟ್ ಚುನಾವಣೆಗೆ ನಿಂತರು. ಟಿವಿಯಲ್ಲಿ ಅರ್ಧ ಗಂಟೆ ದುಡ್ಡು ಕೊಟ್ಟು ಜಾಗ ತಗೊಂಡು, ಕೈಯಲ್ಲಿ ಚಾರ್ಟ್ ಹಿಡಿದು ದೇಶದ ಸಾಲದ ಲೆಕ್ಕ ಹೇಳುತ್ತಿದ್ದರು. ನಮ್ಮ ಯಜಮಾನರು ಊಟ ಬಿಟ್ಟು ನೋಡುತ್ತಿದ್ದರು. ಸುಮಾರು 19% ವೋಟ್ ಬಂತು. ಪ್ರೆಸಿಡೆಂಟ್ ಯಾರು ಅಂತ ತೀರ್ಮಾನಿಸುವುದು ರಾಜ್ಯಗಳಿಗೆ ಹಂಚಿದ ಎಲೆಕ್ಟೋರಲ್ ಕಾಲೇಜಿನ 538 ವೋಟು, ಅದರಲ್ಲಿ ಬಂದದ್ದು ಸೊನ್ನೆ! ಮೇನ್ ಮತ್ತು ನೆಬ್ರಾಸ್ಕ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಮೊದಲು ಬಂದವರಿಗೇ ಎಲ್ಲಾ ಹೋಗುತ್ತದೆ, ಎಲ್ಲಾ ಕಡೆ ಅಷ್ಟಷ್ಟು ಬಂದವರಿಗೆ ಏನೂ ಇಲ್ಲ.

ಆಮೇಲೆ 2000. ಫ್ಲೋರಿಡಾದಲ್ಲಿ ರಿಪಬ್ಲಿಕನ್ ಬುಷ್ ಡೆಮಾಕ್ರಟ್ ಗೋರ್ ವಿರುದ್ಧ ಗೆದ್ದಿದ್ದು 537 ವೋಟಿನಲ್ಲಿ, ಅಲ್ಲೇ ಮೂರನೇ ಪಕ್ಷದ ರಾಲ್ಫ್ ನೇಡರ್‌ಗೆ 97 ಸಾವಿರಕ್ಕಿಂತ ಜಾಸ್ತಿ ಬಿದ್ದಿತ್ತು. ಮೂರನೆಯವರಿಗೆ ಹಾಕಿದರೆ ಬೇಡದವರು ಗೆದ್ದುಬಿಡುತ್ತಾರೆ ಅಂತ ಅಲ್ಲಿಂದ ಜನಕ್ಕೆ ಹೆದರಿಕೆ ಹತ್ತಿಕೊಂಡಿತು. ನಾಲ್ಕು ವರ್ಷಕ್ಕೊಮ್ಮೆ ಅದೇ ಹೆದರಿಕೆ ತೋರಿಸಿ ವೋಟ್ ಕೇಳುತ್ತಾರೆ.

ನನ್ನ ಸಲಹೆ ಇಷ್ಟೇ. ನಿಮ್ಮ ಏರಿಯಾದಲ್ಲಿ ಯಾವ ಪಕ್ಷ ಗಟ್ಟಿಯೋ ಅದರಲ್ಲಿ ಹೆಸರು ಬರೆಸಿ, ಪ್ರೈಮರಿಯಲ್ಲಿ ವೋಟ್ ಹಾಕಿ. ಇಷ್ಟ ಇದೆಯೋ ಇಲ್ಲವೋ, ಮುಕ್ಕಾಲುಪಾಲು ಸೀಟು ತೀರ್ಮಾನ ಆಗುವುದೇ ಅಲ್ಲಿ. ನಮ್ಮಲ್ಲಿ "ಕೌಂಟಿ ಲೈನ್" ಅಂತ ಇತ್ತು. ಪಕ್ಷದ ಮುಖಂಡರು ಒಪ್ಪಿದವರೆಲ್ಲ ಬ್ಯಾಲೆಟ್‌ನಲ್ಲಿ ಒಂದೇ ಸಾಲು, ಉಳಿದವರ ಹೆಸರು ಎಲ್ಲೋ ಮೂಲೆಯಲ್ಲಿ. ಎಷ್ಟೋ ವರ್ಷ ಅದು ತಪ್ಪು ಅಂತ ನಮಗೇ ಹೊಳೆದಿರಲಿಲ್ಲ. 2024ರಲ್ಲಿ ಸೆನೆಟ್‌ಗೆ ನಿಂತಿದ್ದ ಡೆಮಾಕ್ರಟ್ ಆಂಡಿ ಕಿಮ್ ಕೋರ್ಟಿಗೆ ಹೋದರು, ಆ ವರ್ಷದ ಡೆಮಾಕ್ರಟ್ ಪ್ರೈಮರಿಗೆ ಜಡ್ಜ್ ಅದನ್ನು ನಿಲ್ಲಿಸಿದರು, ಕಿಮ್ ಸೆನೆಟ್‌ಗೂ ಗೆದ್ದರು. ಒಳಗೆ ಇದ್ದವರು ಜಗಳ ಆಡಿದ್ದಕ್ಕೆ ಆದದ್ದು ಅದು.

ಪೋರ್ಟ್‌ಲ್ಯಾಂಡ್_ಮೇನ್

ಅಕ್ಕಾ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಆದರೆ ಹೆದರಿಕೆ ಹೋಗಬೇಕಾದರೆ ಎಣಿಸುವ ರೀತಿಯೇ ಬದಲಾಗಬೇಕು. ಮೇನ್‌ನಲ್ಲಿ ನಾವು 2016ರಲ್ಲಿ ಜನಮತದಿಂದ, ಒಬ್ಬರಿಗೇ ಹಾಕುವ ಬದಲು ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಗುರುತಿಸುವ ರ‍್ಯಾಂಕ್ ವೋಟಿಂಗ್ ತಂದೆವು. ಬ್ಯಾಲೆಟ್‌ನಲ್ಲಿ ಎಡಗಡೆ ಹೆಸರು, ಮೇಲೆ ಮೊದಲ ಆಯ್ಕೆ, ಎರಡನೆಯದು, ಮೂರನೆಯದು ಅಂತ ಕಾಲಂ. ಮೊಟ್ಟೆ ಆಕಾರದ ಚುಕ್ಕೆಗಳನ್ನು ಪೆನ್ನಿಂದ ತುಂಬುವುದು. ನಾನು ಮೊದಲ ಸಲ ಇಂಡಿಪೆಂಡೆಂಟ್‌ಗೆ ಒಂದು ಕೊಟ್ಟು, ಎರಡನೆಯದನ್ನು ದೊಡ್ಡ ಪಕ್ಷದವರಿಗೆ ಕೊಟ್ಟಾಗ ಮನಸ್ಸು ಎಷ್ಟು ಹಗುರ ಆಯಿತು ಅಂದರೆ, ಅಷ್ಟು ವರ್ಷ ಮನಸ್ಸಿಲ್ಲದೆ ಹಾಕುತ್ತಿದ್ದೆ ಅಂತ ಆಗಲೇ ಗೊತ್ತಾದದ್ದು.

2018ರಲ್ಲಿ ಅಮೆರಿಕಾದ ಸಂಸತ್ತಾದ ಕಾಂಗ್ರೆಸ್‌ಗೆ ನಮ್ಮ ರಾಜ್ಯದ ಎರಡನೇ ಡಿಸ್ಟ್ರಿಕ್ಟ್‌ನಲ್ಲಿ ರಿಪಬ್ಲಿಕನ್ ಪೊಲಿಕ್ವಿನ್ ಮುಂದಿದ್ದರು, ಆದರೆ ಅರ್ಧ ದಾಟಿರಲಿಲ್ಲ. ಇಬ್ಬರು ಇಂಡಿಪೆಂಡೆಂಟ್‌ಗಳಿಗೆ ಹಾಕಿದವರ ಎರಡನೇ ಆಯ್ಕೆ ಸೇರಿಸಿದ ಮೇಲೆ ಡೆಮಾಕ್ರಟ್ ಗೋಲ್ಡನ್ ಸುಮಾರು 3,500 ವೋಟಿನಲ್ಲಿ ಗೆದ್ದರು. ಮುಂದಿನ ಆಯ್ಕೆಯಲ್ಲಿ ಅವರಿಬ್ಬರಲ್ಲಿ ಒಬ್ಬರನ್ನು ಗುರುತಿಸಿದವರ ವೋಟ್ ವೇಸ್ಟ್ ಆಗಲಿಲ್ಲ. ಅಲಾಸ್ಕದಲ್ಲೂ ಈ ಪದ್ಧತಿ ಇದೆ, 2024ರಲ್ಲಿ ಅದನ್ನು ತೆಗೆಯಲು ಹೋದಾಗ ಸಾವಿರಕ್ಕಿಂತ ಕಡಿಮೆ ವೋಟಿನಲ್ಲಿ ಉಳಿಯಿತು. ಅದೇ ದಿನ ಕೊಲೊರಾಡೊ, ಐಡಾಹೊ, ನೆವಾಡ, ಒರೆಗಾನ್‌ನಲ್ಲಿ ಜನ ಬೇಡ ಅಂದರು. ಅದು ನನಗೆ ತುಂಬಾ ನೋವಾಯಿತು. ಎರಡೂ ಪಕ್ಷ ಬೇಡ ಅನ್ನುವವರೇ ಈ ಬದಲಾವಣೆಗೆ ಯಾಕೆ ಹೆದರುತ್ತಾರೋ!

ಪಾಂಡವಪುರ_ರೈತನ_ಮಗ

ನಾನು ಊರಿಂದಲೇ ಬರೆಯುತ್ತಿದ್ದೇನೆ. ಮೂರನೇ ಪಕ್ಷ ಬಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಮೂರು ಇದ್ದವಲ್ಲ. 2018ರಲ್ಲಿ ಜೆಡಿಎಸ್ 37 ಸೀಟು ಗೆದ್ದು ಕುಮಾರಸ್ವಾಮಿ ಮುಖ್ಯಮಂತ್ರಿ ಆದರು, 14 ತಿಂಗಳಿಗೆ ಶಾಸಕರು ರಾಜೀನಾಮೆ ಕೊಟ್ಟು ಸರ್ಕಾರ ಬಿತ್ತು. 2023ರಲ್ಲಿ 19 ಸೀಟಿಗೆ ಇಳಿದರು, ಅದೇ ವರ್ಷ ಎನ್‌ಡಿಎಗೆ ಸೇರಿದರು. ಈಗ ನಮಗೂ ಹೆಚ್ಚುಕಮ್ಮಿ ಎರಡೇ.

ಆದರೂ ಒಂದು ಹೇಳಬೇಕು. ನಮ್ಮ ಮೇಲುಕೋಟೆ ಕ್ಷೇತ್ರದಲ್ಲಿ ರೈತ ಸಂಘದ ಪುಟ್ಟಣ್ಣಯ್ಯನವರು 2013ರಲ್ಲಿ ಗೆದ್ದರು, 2023ರಲ್ಲಿ ಅವರ ಮಗ ದರ್ಶನ್ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು. ಕಾಂಗ್ರೆಸ್ ಬೆಂಬಲ ಇತ್ತು, ನಿಜ. ಆದರೆ ಅದರ ಹಿಂದೆ ಎಷ್ಟೋ ವರ್ಷದ ಕಬ್ಬಿನ ಬಾಕಿ, ನಾಲೆ ನೀರಿನ ಹೋರಾಟ ಇದೆ. ಹಸಿರು ಟವಲ್ ಹೆಗಲಿಗೆ ಹಾಕಿಕೊಂಡು ನಮ್ಮಪ್ಪನೂ ಹೋಗುತ್ತಿದ್ದರು. ಪ್ರೆಸಿಡೆಂಟ್ ವಿಷಯ ಬಿಡಿ ಅಣ್ಣ, ನಿಮ್ಮ ಸ್ಕೂಲ್ ಬೋರ್ಡ್‌ಗೆ ಯಾರು ನಿಲ್ಲುತ್ತಾರೆ ಅಂತ ಮೊದಲು ನೋಡಿ.

ಹಾಸನ_ಫಿಲಿ

ಎಲ್ಲರಿಗೂ ಥ್ಯಾಂಕ್ಸ್. ಪಾಂಡವಪುರದವರ ಮಾತು ಓದಿ ಹುಡುಕಿ ನೋಡಿದೆ. ಇಲ್ಲಿ ಸ್ಕೂಲ್ ಬೋರ್ಡ್‌ಗೆ ನಿಲ್ಲುವವರು ಎರಡೂ ಪಕ್ಷದ ಪ್ರೈಮರಿಯಲ್ಲಿ ಹೆಸರು ಹಾಕಬಹುದಂತೆ, ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ. ಆದರೂ ಪಕ್ಷ ಬರೆಸದವರು ಅವರಿಗೆ ಪ್ರೈಮರಿಯಲ್ಲಿ ವೋಟ್ ಹಾಕುವ ಹಾಗಿಲ್ಲ. ಬರೆಸಬೇಕಾದರೆ ಪ್ರೈಮರಿಗೆ 15 ದಿನ ಮುಂಚೆ ಆಗಬೇಕು. ಅಕ್ಕ ಹೇಳಿದ ಹಾಗೆ ಮುಂದಿನ ಸಲ ಬರೆಸುತ್ತೇನೆ, ಮನಸ್ಸಿಗೆ ಕಷ್ಟ ಆದರೂ. ಜೊತೆಗೆ ಪ್ರೈಮರಿ ಎಲ್ಲರಿಗೂ ತೆರೆಯಿರಿ ಅಂತ ನಮ್ಮ ರಾಜ್ಯದ ಶಾಸಕರಿಗೆ ಕಾಗದ ಬರೆಯುತ್ತಿದ್ದೇನೆ. ಪೆನ್ಸಿಲ್ವೇನಿಯಾದ ಕನ್ನಡದವರು ಯಾರಾದರೂ ಇದ್ದರೆ ಹೇಳಿ, ಒಟ್ಟಿಗೆ ಸಹಿ ಹಾಕಿ ಕಳಿಸೋಣ.