ಇಂಡಿಯಾ ಮ್ಯಾಚ್ ಕೇಬಲ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಯಾಕೆ ಬರಲ್ಲ? ಆ್ಯಪ್‌ಗೆ ದುಡ್ಡು ಕಟ್ಟದೆ ನೋಡೋ ದಾರಿ ಯಾವುದು?

ಕಡೇ_ಓವರ್:
ಇಂಡಿಯಾ ಒನ್‌ಡೇ ನಡೀತಿರುವಾಗ ಕೇಬಲ್‌ನಲ್ಲಿ ಡಿಡಿ ಸ್ಪೋರ್ಟ್ಸ್ ಹಾಕಿದ್ರೆ ಯಾವುದೋ ಹಳೇ ಕಾರ್ಯಕ್ರಮ. ಫ್ರೀ ಡಿಶ್ (ದೂರದರ್ಶನದ ಪುಕ್ಕಟೆ ಡಿಶ್ ಟಿವಿ ಸೇವೆ) ಇರೋ ಮನೆಯಲ್ಲಿ ಅದೇ ಚಾನೆಲ್‌ನಲ್ಲಿ ಮ್ಯಾಚ್! ಇದು ಕೇಬಲ್‌ನವರ ಕಿತಾಪತಿಯಾ? ಐಪಿಎಲ್‌ಗೂ ಪುಕ್ಕಟೆ ದಾರಿ ಇದೆಯಾ? ‘ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಪ್ರತಿಭಟಿಸಿ’ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡ್ತಿದೆ, ಅದರಿಂದ ಏನಾದ್ರೂ ಆಗುತ್ತಾ?

ಸೆಕ್ಷನ್_ಮೂರು:
ಕೇಬಲ್‌ನವರನ್ನ ಬೈಬೇಡಿ. 2007ರ ಕ್ರೀಡಾ ಪ್ರಸಾರ ಸಿಗ್ನಲ್ ಹಂಚಿಕೆ ಕಾಯ್ದೆ ಪ್ರಕಾರ, ಸರ್ಕಾರ ‘ರಾಷ್ಟ್ರೀಯ ಮಹತ್ವದ್ದು’ ಅಂತ ಪಟ್ಟಿ ಮಾಡಿದ ಪಂದ್ಯಗಳ ಸಿಗ್ನಲ್ಲನ್ನ ಹಕ್ಕುದಾರರು ತಮ್ಮ ಜಾಹೀರಾತು ತೆಗೆದು ದೂರದರ್ಶನ ನಡೆಸೋ ಪ್ರಸಾರ ಭಾರತಿಗೆ ಕೊಡಲೇಬೇಕು. ಆದರೆ ಆ ಸಿಗ್ನಲ್ ದೂರದರ್ಶನದ ಸ್ವಂತ ಟವರ್‌ಗಳಿಗೆ ಮತ್ತು ಸ್ವಂತ ಡಿಟಿಎಚ್ (ಮನೆಗೇ ನೇರ ಡಿಶ್ ಸೇವೆ) ಆದ ಫ್ರೀ ಡಿಶ್‌ಗೆ ಮಾತ್ರ, ಕೇಬಲ್‌ಗೆ ಕೊಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ತೀರ್ಪು ಕೊಟ್ಟಿತು. ಅದಕ್ಕೇ ಒಂದೇ ಚಾನೆಲ್ ಎರಡು ಮುಖ.

ಪುರುಷರ ತಂಡದ ಒನ್‌ಡೇ, ಟಿ20 ಪಟ್ಟಿಯಲ್ಲಿವೆ. ಟೆಸ್ಟ್‌ಗಳಲ್ಲಿ ಆಯ್ದವು ಮಾತ್ರ. ಐಪಿಎಲ್ ಇಲ್ಲ. ಹಾಗಾಗಿ ಆರ್‌ಸಿಬಿ ಮ್ಯಾಚ್‌ಗೆ ಈ ಕಾಯ್ದೆ ಕೆಲಸಕ್ಕೆ ಬರಲ್ಲ.

ಛತ್ರಿ_ತಿರುಗಿಸೋನು:
ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. 60 ಸೆಂ.ಮೀ. ಡಿಶ್, ಯೂನಿವರ್ಸಲ್ ಕೆಯು ಬ್ಯಾಂಡ್ ಎಲ್‌ಎನ್‌ಬಿ (ಡಿಶ್ ಮುಂದೆ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯೋ ಭಾಗ; ಮೇಲೆ 9750/10600 ಅಂತ ಇರಲಿ), ಒಂದು ಬಾಕ್ಸ್ ಸಾಕು. ತಗೊಳ್ಳೋದೇ ಆದ್ರೆ ಹೊಸ ಬಗೆಯ ಎಂಪೆಗ್-4 ಬಾಕ್ಸೇ ತಗೊಳ್ಳಿ, ಹಳೇ ಎಂಪೆಗ್-2 ಬಾಕ್ಸ್‌ನಲ್ಲಿ ಎಷ್ಟೋ ಚಾನೆಲ್ ತೆರೆಯಲ್ಲ.

ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ. ಬೆಂಗಳೂರಿನಿಂದ ದಿಕ್ಸೂಚಿಯಲ್ಲಿ ಸುಮಾರು 128 ಡಿಗ್ರಿ, ಅಂದ್ರೆ ಆಗ್ನೇಯ. (ವಾಸ್ತು ನಂಬೋರಿಗೆ ಅಡುಗೆಮನೆ ಮೂಲೆ.) ಎತ್ತರ 66 ಡಿಗ್ರಿ, ಆದ್ರೆ ಡಿಶ್ ಆಫ್‌ಸೆಟ್ (ಎಲ್‌ಎನ್‌ಬಿ ನಟ್ಟನಡುವೆ ಇರದೆ ಕೆಳಗಡೆ ಇರೋ ಬಗೆ) ಆಗಿರೋದ್ರಿಂದ ಅದರ ಮುಖ 40 ಡಿಗ್ರಿ ಆಸುಪಾಸಿನಲ್ಲಿ ಇದ್ದ ಹಾಗೆ ಕಾಣುತ್ತೆ. ಹೊಸಬರು ಎಡವೋದು ಇಲ್ಲೇ: 66ಕ್ಕೆ ಎತ್ತಿಬಿಟ್ಟು ಸಿಗ್ನಲ್ ಇಲ್ಲ ಅಂತಾರೆ. ಇನ್ನೊಂದು, ಎಲ್‌ಎನ್‌ಬಿಯನ್ನ ನೆಟ್ಟಗೆ ಬಿಡಬೇಡಿ. ಬೆಂಗಳೂರಲ್ಲಿ ಹೆಚ್ಚುಕಮ್ಮಿ 50 ಡಿಗ್ರಿ ವಾರೆ ಬರಬೇಕು. ಕ್ಲಾಂಪ್ ಸಡಿಲ ಮಾಡಿ ಸ್ವಲ್ಪ ಸ್ವಲ್ಪವೇ ತಿರುಗಿಸ್ತಾ, ಪ್ರತಿ ಸಲ ಎರಡು ಮೂರು ಸೆಕೆಂಡ್ ಕಾದು ಟಿವಿ ಪರದೆ ಮೇಲೆ ಬಾಕ್ಸ್ ತೋರಿಸೋ ಸಿಗ್ನಲ್ ಮೀಟರ್ ನೋಡಿ.

ಮೀಟರ್‌ನಲ್ಲಿ ‘ಸ್ಟ್ರೆಂತ್’ ನಂಬಬೇಡಿ. ಕೇಬಲ್ ಸಿಕ್ಕಿಸಿ ಎಲ್‌ಎನ್‌ಬಿಗೆ ಕರೆಂಟ್ ಹೋದ್ರೆ ಸಾಕು, ಅದು ಏರುತ್ತೆ. ‘ಕ್ವಾಲಿಟಿ’ ಏರಬೇಕು. ಸೊನ್ನೆಯಲ್ಲೇ ನಿಂತಿದ್ರೆ ಡಿಶ್ ತಪ್ಪು ಕಡೆ ನೋಡ್ತಿದೆ ಅಥವಾ ಎದುರಿಗೆ ತೆಂಗಿನ ಗರಿ ಅಡ್ಡ ಇದೆ.

ನೋಬಾಲ್_ನಾಗ:
ಐಪಿಎಲ್ 2023, 2024ರಲ್ಲಿ ಆ್ಯಪ್‌ನಲ್ಲಿ ಪುಕ್ಕಟೆ ಸಿಕ್ಕಿದ್ದಕ್ಕೆ ಜನಕ್ಕೆ ಈಗ ಹೊಟ್ಟೆ ಉರಿ. ಆದ್ರೆ 2023–27ರ ಡಿಜಿಟಲ್ ಹಕ್ಕು ಹೋಗಿದ್ದು ಒಂದು ಪಂದ್ಯಕ್ಕೆ 50 ಕೋಟಿ ಲೆಕ್ಕದಲ್ಲಿ. ಬರೀ ಜಾಹೀರಾತಿನಿಂದ ಅದು ಹುಟ್ಟಲ್ಲ.

ಅನ್‌ಇನ್‌ಸ್ಟಾಲ್ ಮಾಡಿದ್ರೆ ಚಂದಾ ನಿಲ್ಲಲ್ಲ, ಇದು ಅರ್ಧ ಜನಕ್ಕೆ ಗೊತ್ತಿಲ್ಲ. ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ಗೆ ಹೋಗಿ ಮ್ಯಾಂಡೇಟ್ (ತಾನಾಗೇ ದುಡ್ಡು ಕಡಿಯೋಕೆ ಕೊಟ್ಟ ಒಪ್ಪಿಗೆ) ರದ್ದು ಮಾಡಿ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ರೆ ಅಲ್ಲಿನ ‘ಸಬ್‌ಸ್ಕ್ರಿಪ್ಷನ್ಸ್’ನಲ್ಲಿ. ದುಡ್ಡು ಕಡಿಯೋ ಮುಂಚೆ ಎಸ್‌ಎಂಎಸ್ ಬರುತ್ತೆ, ಅದು ಬಂದ ತಕ್ಷಣ ಮಾಡಿ. ಲೆಕ್ಕಕ್ಕೆ ಬರೋ ಪ್ರತಿಭಟನೆ ಇದೇ, ರೀಲ್ಸ್ ಅಲ್ಲ.

ಸೆಕ್ಷನ್_ಮೂರು:
ನಾಗ ಹೇಳಿದ್ದು ಸರಿ, ಆದ್ರೆ ಅದರ ಜೊತೆ ಕಾಗದವೂ ಹೋಗಲಿ. ಕಾಯ್ದೆಯ 3ನೇ ಸೆಕ್ಷನ್ ಮಾತಾಡೋದು ಕೇಬಲ್, ಡಿಟಿಎಚ್, ರೇಡಿಯೊ ಬಗ್ಗೆ. ಆ್ಯಪ್ ಹೆಸರೇ ಇಲ್ಲ. ನಾಳೆ ಯಾವುದಾದ್ರೂ ಸರಣಿಯನ್ನ ಆ್ಯಪ್‌ನಲ್ಲಿ ಮಾತ್ರ ತೋರಿಸಿದ್ರೆ ಡಿಡಿಗೆ ಕೇಳೋಕೆ ಹಿಡಿತ ಏನು? ಒತ್ತಬೇಕಾದ ಜಾಗ ಇದು.

ಕೇಬಲ್‌ನೂ ಸೇರಿಸೋಕೆ 2018ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಕರಡು ತಿದ್ದುಪಡಿ ಹೊರಡಿಸಿತ್ತು. ಆ ಕಡತ ಈಗ ಎಲ್ಲಿದೆ ಅಂತ ಆರ್‌ಟಿಐ ಹಾಕಿ: ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ‘ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ ಅಂತ ತಳ್ಳಿಹಾಕ್ತಾರೆ. ‘ಕಡತದ ಟಿಪ್ಪಣಿ ಹಾಳೆಗಳ ನಕಲು ಕೊಡಿ’ ಅಂತ ಬರೀರಿ.