ಟೈಮ್‌ಔಟ್ 5000 ಕೊಟ್ಟರೂ ‘ಡೇಟಾಬೇಸ್ ಈಸ್ ಲಾಕ್ಡ್’: ಎಸ್‌ಕ್ಯೂಲೈಟ್ ಸಿ ಎಪಿಐ

ಹೊಸಗೂಡು: ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿರುವ ಡೇಟಾಬೇಸ್) ಬಳಸುವ ಸಿ ಪ್ರೋಗ್ರಾಂ, ಎರಡು ಥ್ರೆಡ್, ತಲಾ ಒಂದು ಕನೆಕ್ಷನ್. ವಾಲ್ (WAL) ಮೋಡ್ ಇದೆ, ಅಂದರೆ ಬದಲಾವಣೆ ಮೊದಲು ಪಕ್ಕದ ಲಾಗ್ ಫೈಲಿಗೆ ಹೋಗುತ್ತದೆ. ಬಿಜಿ ಟೈಮ್‌ಔಟ್ (ಲಾಕ್ ಸಿಗದಿದ್ದರೆ ಕಾಯುವ ಸಮಯ) 5000 ಮಿಲಿಸೆಕೆಂಡ್. ಆದರೂ ಅಪ್‌ಡೇಟ್ ಹೊತ್ತಿಗೆ ಆಗಾಗ ‘ಡೇಟಾಬೇಸ್ ಈಸ್ ಲಾಕ್ಡ್’. ಕಾಯುವುದೂ ಇಲ್ಲ, ತಕ್ಷಣ ಬರುತ್ತದೆ. ವಾಲ್ ಫೈಲ್ ಬೇರೆ 300 ಎಂಬಿ ದಾಟಿದೆ.

ಬಿಟ್ಟಗುಡ್ಡ: 30,000 ಮಾಡಿ ನೋಡಿ. ಎರಡೂ ಕನೆಕ್ಷನ್‌ಗೆ ಕೊಟ್ಟಿದ್ದೀರಾ? ವಾಲ್ ಮೋಡ್ ಒಮ್ಮೆ ಹಾಕಿದರೆ ಫೈಲಲ್ಲೇ ಉಳಿಯುತ್ತೆ. ಟೈಮ್‌ಔಟ್ ಹಾಗಲ್ಲ, ಕನೆಕ್ಷನ್ ತೆರೆದಾಗಲೆಲ್ಲ ಕೊಡಬೇಕು.

ಕೀಟನಾಶಕ: 3 ಲಕ್ಷ ಕೊಟ್ಟರೂ ಅಷ್ಟೇ ಗುರು. ತಕ್ಷಣ ಬರುತ್ತೆ ಅಂದರಲ್ಲ, ಸುಳಿವು ಅಲ್ಲೇ ಇದೆ. ಬರೀ ‘ಬಿಗಿನ್’ ಅಂದರೆ ಡಿಫರ್ಡ್, ಲಾಕ್ ಹಿಡಿಯುವುದನ್ನು ಮುಂದೂಡುತ್ತೆ. ಮೊದಲ ಸೆಲೆಕ್ಟ್‌ಗೆ ಓದುವ ಟ್ರಾನ್ಸಾಕ್ಷನ್ ಆಗುತ್ತೆ, ಅಪ್‌ಡೇಟ್ ಬಂದಾಗ ಬರೆಯುವುದಕ್ಕೆ ಬಡ್ತಿ ಕೇಳುತ್ತೆ. ಅಷ್ಟರಲ್ಲಿ ಇನ್ನೊಬ್ಬ ಕಮಿಟ್ ಮಾಡಿದ್ದರೆ ನಿಮ್ಮ ಕೈಯಲ್ಲಿರುವುದು ಹಳೇ ಸ್ನ್ಯಾಪ್‌ಶಾಟ್ (ಓದು ಶುರುವಾದಾಗಿನ ಡೇಟಾ). ಎಷ್ಟು ಕಾದರೂ ಅದು ಹೊಸದಾಗಲ್ಲ, ಹಾಗಾಗಿ ಬಿಜಿ ಹ್ಯಾಂಡ್ಲರ್ (ಟೈಮ್‌ಔಟ್ ತನಕ ಕಾಯಿಸುವ ಫಂಕ್ಷನ್) ಕರೆಯುವುದೇ ಇಲ್ಲ. ಎಕ್ಸ್‌ಟೆಂಡೆಡ್ ಎರರ್ ಕೋಡ್ ಕೇಳಿ ನೋಡಿ: ಬರೀ 5 (ಬಿಜಿ) ಅಲ್ಲ, 517 (ಬಿಜಿ ಸ್ನ್ಯಾಪ್‌ಶಾಟ್) ಬಂದರೆ ಇದೇ ಕಾಯಿಲೆ. ಅದೇ ಟ್ರಾನ್ಸಾಕ್ಷನ್‌ನಲ್ಲಿ ಮತ್ತೆ ಪ್ರಯತ್ನಿಸಿ ಪ್ರಯೋಜನವಿಲ್ಲ, ರೋಲ್‌ಬ್ಯಾಕ್ ಮಾಡಿ ಮೊದಲಿಂದ ಶುರು ಮಾಡಬೇಕು. ಬರೆಯುವ ಉದ್ದೇಶವಿದ್ದರೆ ‘ಬಿಗಿನ್ ಇಮೀಡಿಯಟ್’ ಹಾಕಿ, ಅದು ಬರೆಯುವ ಲಾಕನ್ನು ಶುರುವಲ್ಲೇ ಕೇಳುತ್ತೆ, ಆಗ ಬಾಗಿಲಲ್ಲೇ ಟೈಮ್‌ಔಟ್ ಕೆಲಸ ಮಾಡುತ್ತೆ.

ಬಿಟ್ಟಗುಡ್ಡ: ಇಷ್ಟೆಲ್ಲ ಯಾಕೆ? ಒಂದೇ ಕನೆಕ್ಷನ್ ಇಟ್ಟು ಎರಡೂ ಥ್ರೆಡ್‌ನಿಂದ ಬಳಸಿ. ಡೀಫಾಲ್ಟ್ ಸೀರಿಯಲೈಸ್ಡ್ ಮೋಡ್‌ನಲ್ಲಿ (ಥ್ರೆಡ್‌ಗಳು ಸರದಿಯಲ್ಲಿ ಒಳಗೆ ಬರುತ್ತವೆ) ಅದು ಸೇಫ್.

ಅರ್ಧಕಾಲಂ: ಕ್ರ್ಯಾಶ್ ಆಗಲ್ಲ ಅನ್ನುವಷ್ಟಕ್ಕೆ ಸೇಫ್. ಟ್ರಾನ್ಸಾಕ್ಷನ್ ಇರುವುದು ಕನೆಕ್ಷನ್‌ಗೆ, ಥ್ರೆಡ್‌ಗಲ್ಲ. ಒಬ್ಬನ ಬಿಗಿನ್-ಕಮಿಟ್ ಮಧ್ಯೆ ಇನ್ನೊಬ್ಬನ ಇನ್ಸರ್ಟ್ ನುಸುಳುತ್ತೆ, ಇವನು ರೋಲ್‌ಬ್ಯಾಕ್ ಮಾಡಿದರೆ ಅವನದ್ದೂ ಹೋಯಿತು. ಆ ಸಲಹೆ ಬೇಡ.

ಹೊಸಗೂಡು: 517 ಹೌದು! ಆದರೆ ಇಮೀಡಿಯಟ್ ಹಾಕಿದ ಮೇಲೂ ಅದೇ 517, ಈಗ ಬಿಗಿನ್ ಸಾಲಿನಲ್ಲೇ.

ಅರ್ಧಕಾಲಂ: ಹಾಗಾದರೆ ಆ ಕನೆಕ್ಷನ್‌ನಲ್ಲೇ ಯಾವುದೋ ಸೆಲೆಕ್ಟ್ ಅರ್ಧಕ್ಕೆ ನಿಂತಿದೆ. ಐಡಿ ಕೊಟ್ಟು ಒಂದೇ ಸಾಲು ತರುವ ಸ್ಟೇಟ್‌ಮೆಂಟ್‌ಗಳನ್ನು ನೋಡಿ. ಒಮ್ಮೆ ಸ್ಟೆಪ್ (ಸ್ಟೇಟ್‌ಮೆಂಟ್ ಓಡಿಸುವ ಫಂಕ್ಷನ್), 100 ಬಂತು (ಅಂದರೆ ಸಾಲು ಸಿಕ್ಕಿತು), ಕಾಲಂ ಓದಿ ವಾಪಸ್. ಎಲ್ಲರೂ ಬರೆಯುವುದು ಹೀಗೇ. 101 (ಅಂದರೆ ಮುಗಿಯಿತು) ಬರುವ ತನಕ ಸ್ಟೆಪ್ ಮಾಡಲಿಲ್ಲ, ಸ್ಟೇಟ್‌ಮೆಂಟನ್ನು ಮೊದಲ ಸ್ಥಿತಿಗೆ ತರುವ ರೀಸೆಟ್ಟೂ ಇಲ್ಲ. ಎಸ್‌ಕ್ಯೂಲೈಟ್ ಲೆಕ್ಕದಲ್ಲಿ ನೀವಿನ್ನೂ ಓದುತ್ತಲೇ ಇದ್ದೀರಿ, ಸ್ನ್ಯಾಪ್‌ಶಾಟ್ ಬಿಟ್ಟಿಲ್ಲ. ವಾಲ್ ಊದಿಕೊಂಡಿದ್ದೂ ಇದಕ್ಕೇ. 1000 ಪೇಜಿಗೊಮ್ಮೆ, ಅಂದರೆ 4096 ಬೈಟ್ ಪೇಜಾದರೆ ಸುಮಾರು 4 ಎಂಬಿಗೆ, ಚೆಕ್‌ಪಾಯಿಂಟ್ (ವಾಲ್‌ನಲ್ಲಿರುವುದನ್ನು ಮುಖ್ಯ ಫೈಲಿಗೆ ಸೇರಿಸುವುದು) ಆಗುತ್ತೆ. ಆದರೆ ಹಳೇ ಓದುಗ ಕೂತಿರುವಾಗ ವಾಲ್ ಫೈಲನ್ನು ಮೊದಲಿನಿಂದ ಮತ್ತೆ ಬರೆಯಲು ಬರಲ್ಲ.

ಕಳ್ಳನನ್ನು ಹಿಡಿಯಲು ‘ನೆಕ್ಸ್ಟ್ ಸ್ಟೇಟ್‌ಮೆಂಟ್’ ಫಂಕ್ಷನ್‌ನಿಂದ ಕನೆಕ್ಷನ್‌ನ ಎಲ್ಲ ಸ್ಟೇಟ್‌ಮೆಂಟ್ ಸುತ್ತಿ, ‘ಸ್ಟೇಟ್‌ಮೆಂಟ್ ಬಿಜಿ’ ಸೊನ್ನೆಯಲ್ಲದ್ದರ ಎಸ್‌ಕ್ಯೂಎಲ್ ಪ್ರಿಂಟ್ ಮಾಡಿ.

ಹೊಸಗೂಡು: ಸಿಕ್ಕಿತು, ಎರಡಿದ್ದವು. ಸ್ಟೆಪ್ ಆದ ಕೂಡಲೇ ರೀಸೆಟ್ ಹಾಕಿದೆ, ಎರರ್ ಹೋಯಿತು. ಈಗ ಹೆಸರಿನ ಜಾಗದಲ್ಲಿ ಕಸ ಬರುತ್ತಿದೆ.

ಕೀಟನಾಶಕ: ‘ಕಾಲಂ ಟೆಕ್ಸ್ಟ್’ ಕೊಡುವ ಪಾಯಿಂಟರ್ ನಿಮ್ಮದಲ್ಲ ಸ್ವಾಮಿ, ಮುಂದಿನ ಸ್ಟೆಪ್ ಅಥವಾ ರೀಸೆಟ್ ತನಕ ಮಾತ್ರ ಅದರ ಆಯುಷ್ಯ. ಮೊದಲು ಕಾಪಿ, ಆಮೇಲೆ ರೀಸೆಟ್. ಬೈಂಡ್ ಮಾಡುವಾಗಲೂ (ಪ್ಯಾರಾಮೀಟರ್‌ಗೆ ಬೆಲೆ ಕೊಡುವಾಗ) ಬಫರ್ ಸ್ಟ್ಯಾಕ್‌ನಲ್ಲಿದ್ದರೆ ‘ಸ್ಟಾಟಿಕ್’ ಬೇಡ, ‘ಟ್ರಾನ್ಸಿಯೆಂಟ್’ ಕೊಡಿ, ಆಗ ಎಸ್‌ಕ್ಯೂಲೈಟ್ ತನ್ನದೇ ಕಾಪಿ ಮಾಡಿಕೊಳ್ಳುತ್ತೆ.

ಅರ್ಧಕಾಲಂ: ರೀಸೆಟ್ ಬೈಂಡಿಂಗ್ ಅಳಿಸಲ್ಲ ಅನ್ನುವುದೂ ನೆನಪಿರಲಿ. ಮುಂದಿನ ಸಲ ಒಂದು ಪ್ಯಾರಾಮೀಟರ್ ಕೊಡಲು ಮರೆತರೆ ಹಳೇ ಬೆಲೆಯೇ ಸದ್ದಿಲ್ಲದೆ ಹೋಗುತ್ತೆ. ಈಗ ‘ವಾಲ್ ಚೆಕ್‌ಪಾಯಿಂಟ್’ ಪ್ರಾಗ್ಮಾವನ್ನು (ಎಸ್‌ಕ್ಯೂಲೈಟ್‌ನ ವಿಶೇಷ ಆದೇಶ) ಟ್ರಂಕೇಟ್ ಜೊತೆ ಓಡಿಸಿ, ವಾಲ್ ಫೈಲ್ ಖಾಲಿಯಾಗಬೇಕು. ಮೂರು ಕಾಲಂ ಬರುತ್ತೆ, ಮೊದಲನೆಯದು 1 ಇದ್ದರೆ ಇನ್ನೂ ಯಾರೋ ಅಡ್ಡ ಕೂತಿದ್ದಾರೆ.

ಹೊಸಗೂಡು: 0, 0, 0. ವಾಲ್ ಫೈಲೂ ಸೊನ್ನೆ ಬೈಟ್.